ಹುಡುಕಾಟ ನಿಂತ ಮೇಲೆ

ಬಿಇ ಓದುವಾಗ ಡಿಬಿಎಂಎಸ್ ಪೇಪರಿಗೆ ನಾವೆಲ್ಲ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದ ಒಂದು ಪ್ರಶ್ನೆ ಇತ್ತು. ಟ್ರಾನ್ಸಾಕ್ಷನ್ನಿನ ‘ಆಸಿಡ್’ ಗುಣಗಳನ್ನು ವಿವರಿಸಿ. ಅಟಾಮಿಸಿಟಿ, ಕನ್ಸಿಸ್ಟೆನ್ಸಿ, ಐಸೊಲೇಷನ್, ಡ್ಯೂರಬಿಲಿಟಿ. ನಾಲ್ಕು ಪದಕ್ಕೆ ನಾಲ್ಕು ಪ್ಯಾರಾ ಬರೆದು ಕೊನೆಗೆ ಬ್ಯಾಂಕಿನದೊಂದು ಉದಾಹರಣೆ ಕೊಟ್ಟರೆ ಮಾರ್ಕ್ಸ್ ಗ್ಯಾರಂಟಿ. ಇದರ ಹಿಂದೆ ಒಬ್ಬ ಮನುಷ್ಯ ಇದ್ದಾರೆ ಅಂತ ಮೇಷ್ಟ್ರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ ಒಂದು ರಾತ್ರಿ, ಪ್ರೊಡಕ್ಷನ್ ಸರ್ವರಿನಲ್ಲಿ ಲಾಕ್ ಬಿಡದೆ ಹಟ ಹಿಡಿದು ಕೂತಿದ್ದ ಒಂದು ಟ್ರಾನ್ಸಾಕ್ಷನ್ನಿನ ಬೆನ್ನು ಹತ್ತಿ ಹಳೇ ಪೇಪರುಗಳನ್ನೆಲ್ಲ ತೆಗೆದು ಓದುತ್ತಿದ್ದೆ. ಆಗ ಜಿಮ್ ಗ್ರೇ ಅನ್ನುವ ಹೆಸರು ಸಿಕ್ಕಿತು. ಯಾರಪ್ಪ ಇವರು ಅಂತ ಹುಡುಕಿದರೆ ಮೊದಲು ಬಂದದ್ದು ಅವರ ಸಾಧನೆಯಲ್ಲ, ಅವರು ಕಾಣೆಯಾದ ಸುದ್ದಿ. ಕಾಣೆಯಾದದ್ದು 2007ರಲ್ಲಿ. ನಾನು ಪರೀಕ್ಷೆಯಲ್ಲಿ ಆ ನಾಲ್ಕು ಪ್ಯಾರಾ ಬರೆದದ್ದೂ ಅದೇ ವರ್ಷ.

2007ರ ಜನವರಿ 28, ಭಾನುವಾರ. ಗ್ರೇ ಅವರಿಗೆ ಆಗಷ್ಟೇ 63 ತುಂಬಿತ್ತು. ತೀರಿಕೊಂಡ ತಾಯಿಯ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಟ್ಟು ಬರೋಣ ಅಂತ ತಮ್ಮ 40 ಅಡಿ ಉದ್ದದ ಹಾಯಿದೋಣಿ ‘ಟೆನೇಷಿಯಸ್’ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹೊರಟರು. ಹೋಗಬೇಕಾಗಿದ್ದದ್ದು ಫೆರಲಾನ್ ದ್ವೀಪಗಳ ಕಡೆಗೆ. ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಪಶ್ಚಿಮಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್. ಬೆಳಿಗ್ಗೆ ಹೋದವರು ಕತ್ತಲಾಗುವಷ್ಟರಲ್ಲಿ ಮನೆ ಸೇರಬಹುದಾದ ದಾರಿ. ಅವರಿಗೆ ದೋಣಿ ನಡೆಸುವುದು ಹೊಸದಲ್ಲ. ಆಕಾಶ ತಿಳಿಯಾಗಿತ್ತು. ಅಂತೂ ಸಂಜೆಯಾಯಿತು, ರಾತ್ರಿಯಾಯಿತು, ದೋಣಿ ಬರಲಿಲ್ಲ. ಹೆಂಡತಿ ಡೋನಾ ಕಾರ್ನ್ಸ್ ಕೋಸ್ಟ್ ಗಾರ್ಡಿಗೆ ಫೋನ್ ಮಾಡಿದರು.

ಕೋಸ್ಟ್ ಗಾರ್ಡಿನವರು ಸಿ-130 ವಿಮಾನ, ಹೆಲಿಕಾಪ್ಟರು, ಗಸ್ತು ದೋಣಿ ಎಲ್ಲ ಇಟ್ಟುಕೊಂಡು ನಾಲ್ಕು ದಿನ ಹುಡುಕಿದರು. ಹುಡುಕಿದ ನೀರಿನ ವಿಸ್ತಾರ ಸುಮಾರು 1,32,000 ಚದರ ಮೈಲಿ. ನಮ್ಮ ಲೆಕ್ಕಕ್ಕೆ ಹೇಳಬೇಕಂದ್ರೆ ಬೀದರಿನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕದ ಒಂದೂಮುಕ್ಕಾಲು ಪಟ್ಟು. ಒಂದು ಹಲಗೆಯ ಚೂರು ಸಿಗಲಿಲ್ಲ. ದೋಣಿ ಮುಳುಗಿದರೆ ತಾನೇ ಕಳಚಿಕೊಂಡು ಉಪಗ್ರಹಕ್ಕೆ ಸಂಕೇತ ಕಳಿಸಬೇಕಾದ ಬೀಕನ್ ಒಂದು ಅದರಲ್ಲಿತ್ತು. ಅದರಿಂದಲೂ ಸದ್ದಿಲ್ಲ. ರೇಡಿಯೋದಲ್ಲಿ ಕಾಪಾಡಿ ಅನ್ನುವ ಕರೆ ಯಾರಿಗೂ ಕೇಳಿಸಿರಲಿಲ್ಲ. ಏನಕ್ಕೋ ಡಿಕ್ಕಿ ಹೊಡೆದೆವು ಅಂತ ಯಾವ ಹಡಗಿನವರೂ ಹೇಳಲಿಲ್ಲ. ಮುಳುಗಿತು ಅನ್ನಲಿಕ್ಕೆ ಗುರುತಿಲ್ಲ, ತೇಲುತ್ತಿದೆ ಅನ್ನಲಿಕ್ಕೆ ದೋಣಿಯೇ ಇಲ್ಲ.

ಈಗ ಈ ಮನುಷ್ಯ ಯಾರು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

ಗ್ರೇ 1969ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿದರು. ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗದಿಂದ ಪಿಎಚ್‌ಡಿ ಪಡೆದವರಲ್ಲಿ ಅವರೇ ಮೊದಲಿಗರು. ಎಪ್ಪತ್ತರ ದಶಕದಲ್ಲಿ ಐಬಿಎಂನ ಸ್ಯಾನ್ ಹೋಸೆ ಲ್ಯಾಬಿನಲ್ಲಿ ‘ಸಿಸ್ಟಂ ಆರ್’ ಅನ್ನುವ ಡೇಟಾಬೇಸ್ ಕಟ್ಟಿದ ತಂಡದಲ್ಲಿದ್ದರು. ಇವತ್ತು ನಾವು ಬಳಸುವ ಎಸ್‌ಕ್ಯೂಎಲ್ ಹುಟ್ಟಿದ್ದು ಆ ಯೋಜನೆಯಲ್ಲೇ. ಅಲ್ಲಿ ಅವರ ತಲೆ ತಿಂದ ಪ್ರಶ್ನೆ ಇದು: ಒಂದೇ ಲೆಕ್ಕದ ಪುಸ್ತಕಕ್ಕೆ ನೂರಾರು ಜನ ಒಟ್ಟಿಗೆ ಕೈ ಹಾಕಿದರೆ, ನಡುವೆ ಕರೆಂಟು ಹೋದರೆ, ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳೋದು ಹೇಗೆ? ನಿಮ್ಮ ಖಾತೆಯಿಂದ ಐದು ಸಾವಿರ ಕಳೆದಾಗಿದೆ, ಅಮ್ಮನ ಖಾತೆಗೆ ಇನ್ನೂ ಕೂಡಿಲ್ಲ, ಅಷ್ಟರಲ್ಲಿ ಮಿಷಿನ್ ನಿಂತಿತು. ಮತ್ತೆ ಚಾಲೂ ಆದಾಗ ಆ ಐದು ಸಾವಿರ ಯಾರದು? ಗ್ರೇ ಮತ್ತು ಅವರ ಸಂಗಡಿಗರ ಉತ್ತರ ಏನಪ್ಪಾ ಅಂದರೆ, ಇಂಥ ಕೆಲಸ ಪೂರ್ತಿ ಆಗಬೇಕು, ಇಲ್ಲವೇ ಆಗಲೇ ಇಲ್ಲ ಅನ್ನುವಂತೆ ಮೊದಲಿನ ಸ್ಥಿತಿಗೆ ಮರಳಬೇಕು. ಕಮಿಟ್ ಅಥವಾ ಅಬಾರ್ಟ್. ಅರ್ಧಂಬರ್ಧ ಅನ್ನುವ ಸ್ಥಿತಿ ಹೊರಗಿನವರ ಕಣ್ಣಿಗೆ ಬೀಳಲೇಬಾರದು. ಇದಕ್ಕೆ ಬೇಕಾದ ಲಾಕು, ಲಾಗು, ಬಿದ್ದ ಮೇಲೆ ಏಳುವ ಕ್ರಮ, ಇವನ್ನೆಲ್ಲ ಅವರು ಬಿಡಿಸಿ ಬಿಡಿಸಿ ಬರೆದರು. (ಆಸಿಡ್ ಅನ್ನುವ ಚುಟುಕು ಹೆಸರು ಮಾತ್ರ ಅವರದಲ್ಲ. ಅದನ್ನು 1983ರಲ್ಲಿ ಇಟ್ಟವರು ಹೇರ್ಡರ್ ಮತ್ತು ರಾಯ್ಟರ್ ಅನ್ನುವ ಇಬ್ಬರು ಜರ್ಮನ್ನರು. ನಾನು ಪರೀಕ್ಷೆಯಲ್ಲಿ ಯಾರ ಹೆಸರನ್ನೂ ಬರೆದಿರಲಿಲ್ಲ, ಬಿಡಿ.) 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ನಾವು ಟೀ ಅಂಗಡಿಯಲ್ಲಿ ಹತ್ತು ರೂಪಾಯಿ ಸ್ಕ್ಯಾನ್ ಮಾಡಿ ‘ಹೋಯ್ತಾ?’ ಅಂತ ಕೇಳಿದಾಗ ಅಂಗಡಿಯವರು ‘ಬಂತು ಸಾರ್’ ಅನ್ನುತ್ತಾರಲ್ಲ, ಆ ಎರಡು ಮಾತಿನ ನಡುವಿನ ಜಾಗದಲ್ಲಿ ಜಿಮ್ ಗ್ರೇ ಇದ್ದಾರೆ.

1981ರಲ್ಲಿ ಟ್ರಾನ್ಸಾಕ್ಷನ್ ಬಗ್ಗೆ ಬರೆದ ಒಂದು ಪೇಪರಿನಲ್ಲಿ ಅವರು ಕೊಡುವ ಉದಾಹರಣೆ ಮಜವಾಗಿದೆ. ಬ್ಯಾಂಕಲ್ಲ, ಮದುವೆ. ಚರ್ಚಿನಲ್ಲಿ ಪಾದ್ರಿ ಮೊದಲು ಹುಡುಗನನ್ನು ಕೇಳುತ್ತಾರೆ, ಒಪ್ಪಿಗೆಯಾ? ಆಮೇಲೆ ಹುಡುಗಿಯನ್ನು. ಇಬ್ಬರೂ ಹೂಂ ಅಂದಮೇಲೆ ನೀವಿನ್ನು ಗಂಡ ಹೆಂಡತಿ ಅಂತ ಸಾರುತ್ತಾರೆ. ಸಾರಿದ ಮೇಲೆ ಮದುವೆ ಆದಂತೆ. ಒಬ್ಬರು ಊಹೂಂ ಅಂದರೂ ಆಗಲಿಲ್ಲ. ಬೇರೆ ಬೇರೆ ಕಡೆ ಇರುವ ಎರಡು ಕಂಪ್ಯೂಟರು ಒಂದು ಮಾತಿಗೆ ಬರಬೇಕಾದರೂ ಇದೇ ಕ್ರಮ. ನಾವು ಟೂ ಫೇಸ್ ಕಮಿಟ್ ಅಂತ ಓದಿದ್ದು ಇದನ್ನೇ.

ಸಂಶೋಧನೆಯ ಆಚೆಗೆ, ಜನ ಅವರನ್ನು ಹಚ್ಚಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಗುರುತು ಪರಿಚಯವಿಲ್ಲದ ವಿದ್ಯಾರ್ಥಿ ಪೇಪರ್ ಕಳಿಸಿದರೂ ಓದಿ ಅಭಿಪ್ರಾಯ ಬರೆಯುತ್ತಿದ್ದ ಮನುಷ್ಯ ಅಂತ ಅವರನ್ನು ಬಲ್ಲವರೆಲ್ಲ ಹೇಳುತ್ತಾರೆ. ಕೊನೆಯ ಹತ್ತು ಹನ್ನೆರಡು ವರ್ಷ ಮೈಕ್ರೋಸಾಫ್ಟಿನ ಸಂಶೋಧನಾ ವಿಭಾಗದಲ್ಲಿದ್ದರು. 1998ರಲ್ಲಿ ಅಲ್ಲಿ ‘ಟೆರಾಸರ್ವರ್’ ಕಟ್ಟಿದರು. ವಿಮಾನದಿಂದ, ಉಪಗ್ರಹದಿಂದ ತೆಗೆದ ಭೂಮಿಯ ಚಿತ್ರಗಳನ್ನು ಜನಸಾಮಾನ್ಯರು ಬ್ರೌಸರಿನಲ್ಲಿ ನೋಡುವ ಹಾಗೆ ಮಾಡಿದ್ದು. ಗೂಗಲ್ ಮ್ಯಾಪ್ಸ್ ಬರಲಿಕ್ಕೆ ಇನ್ನೂ ಏಳು ವರ್ಷ ಇತ್ತು. ಆಮೇಲೆ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಅಲೆಕ್ಸ್ ಸಾಲೈ ಜತೆ ಸೇರಿ ಆಕಾಶದ ನಕ್ಷೆಯ ಡೇಟಾಬೇಸ್ ಮಾಡಿದರು. ನೆಲವನ್ನೂ ಆಕಾಶವನ್ನೂ ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ ಎಲ್ಲರ ಮುಂದೆ ಇಟ್ಟವರು ಅವರು. ಈಗ ಅವರನ್ನೇ ಅಂಥ ಚೌಕಗಳಲ್ಲಿ ಹುಡುಕುವ ದಿನ ಬಂತು.

ಫೆಬ್ರವರಿ 1ರಂದು ಕೋಸ್ಟ್ ಗಾರ್ಡ್ ಹುಡುಕಾಟ ನಿಲ್ಲಿಸುವ ಹೊತ್ತಿಗೆ ಗೆಳೆಯರು ಒಟ್ಟಾಗಿದ್ದರು. ಎಂಥ ಗೆಳೆಯರು ಅಂತೀರಿ? ಬರ್ಕ್ಲಿಯ ಪ್ರೊಫೆಸರ್ ಜೋ ಹೆಲರ್‌ಸ್ಟೈನ್, ಅಮೆಜಾನಿನ ಸಿಟಿಒ ವರ್ನರ್ ಫೋಗೆಲ್ಸ್, ಮುಂದೆ ಕ್ಲೌಡೆರಾ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಮೈಕ್ ಓಲ್ಸನ್. ಮೈಕ್ರೋಸಾಫ್ಟ್, ಗೂಗಲ್, ಒರಾಕಲ್ ಅಂತ ಹಗಲೆಲ್ಲ ಒಬ್ಬರ ಜತೆ ಒಬ್ಬರು ಗುದ್ದಾಡುವ ಕಂಪನಿಗಳ ಜನ ಇಲ್ಲಿ ಒಂದೇ ಇಮೇಲ್ ಎಳೆಯಲ್ಲಿದ್ದರು. ಡಿಜಿಟಲ್‌ಗ್ಲೋಬ್ ಕಂಪನಿಯ ಉಪಗ್ರಹ ಅದೇ ದಿನ ಆ ಭಾಗದ ಸಮುದ್ರದ ಚಿತ್ರ ತೆಗೆಯಿತು. ನಾಸಾದ ಇಆರ್-2 ಅನ್ನುವ, ತೀರಾ ಎತ್ತರದಲ್ಲಿ ಹಾರುವ ವಿಮಾನವೂ ಹೋಯಿತು. ಚಿತ್ರಗಳೇನೋ ಬಂದವು. ನೋಡುವವರು ಯಾರು?

ಇಲ್ಲಿ ಫೋಗೆಲ್ಸ್ ‘ಮೆಕ್ಯಾನಿಕಲ್ ಟರ್ಕ್’ ತಂದರು. ಅದು ಅಮೆಜಾನ್ 2005ರಲ್ಲಿ ಶುರು ಮಾಡಿದ ಸೇವೆ. ಕಂಪ್ಯೂಟರಿಗೆ ಆಗದ ಚಿಲ್ಲರೆ ಕೆಲಸಗಳನ್ನು ಜಗತ್ತಿನ ಮೂಲೆ ಮೂಲೆಯ ಜನರಿಗೆ ಹಂಚಿ, ಒಂದೊಂದಕ್ಕೆ ನಾಲ್ಕು ಕಾಸು ಕೊಡುವ ಸಂತೆ. ಹೆಸರು ಬಂದದ್ದು 1770ರ ಒಂದು ಚೆಸ್ ಆಡುವ ಯಂತ್ರದಿಂದ. ಯಂತ್ರವೇ ಆಡುತ್ತದೆ ಅಂತ ಜನ ನಂಬಿದ್ದರು, ಒಳಗೆ ಮನುಷ್ಯ ಕೂತಿರುತ್ತಿದ್ದ. ಉಪಗ್ರಹದ ಚಿತ್ರಗಳನ್ನು ಪುಟ್ಟ ಪುಟ್ಟ ಚೌಕಗಳಾಗಿ ಕತ್ತರಿಸಿ ಈ ಸಂತೆಗೆ ಇಟ್ಟರು. ಈ ಸಲ ಕೂಲಿ ಇಲ್ಲ. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಬಂದರು. ಐದು ಲಕ್ಷಕ್ಕೂ ಮೇಲ್ಪಟ್ಟು ಚೌಕಗಳು.

ಆ ಕೆಲಸ ಹೇಗಿತ್ತು ಅಂತ ಯೋಚಿಸಿ ನೋಡಿ. ಪರದೆ ಮೇಲೆ ಒಂದು ಚೌಕ, ಅದರಲ್ಲಿ ನೀರು. ನಲವತ್ತು ಅಡಿಯ ದೋಣಿ ಆ ಚಿತ್ರದಲ್ಲಿ ಇದ್ದಿದ್ದರೆ ಅಕ್ಕಿಕಾಳಿನಷ್ಟು ಕಾಣಬೇಕು. ಅಲೆಯ ನೊರೆಯೂ ಹಾಗೇ ಕಾಣುತ್ತದೆ, ಮೋಡದ ತುಣುಕೂ ಹಾಗೇ. ಇಲ್ಲ ಅಂತ ಒತ್ತಬೇಕು, ಮುಂದಿನದಕ್ಕೆ ಹೋಗಬೇಕು. ನೀರು. ಇಲ್ಲ. ನೀರು. ಇಲ್ಲ. ಅನುಮಾನ ಬಂದರೆ ಗುರುತು ಹಾಕಬೇಕು, ಅದನ್ನು ಚಿತ್ರ ಓದಬಲ್ಲವರು ಇನ್ನೊಂದು ಸುತ್ತು ನೋಡುತ್ತಾರೆ. ಗ್ರೇ ಜತೆ ಆಕಾಶದ ನಕ್ಷೆ ಮಾಡಿದ್ದ ಜಾನ್ಸ್ ಹಾಪ್ಕಿನ್ಸ್ ಕಡೆಯವರೂ ಚಿತ್ರಗಳನ್ನು ಸೋಸುವ ಕೆಲಸಕ್ಕೆ ಕೈ ಜೋಡಿಸಿದರು. ನಕ್ಷತ್ರ ಹೆಕ್ಕುವುದು ಗೊತ್ತಿದ್ದವರಿಗೆ ದೋಣಿ ಹೆಕ್ಕುವುದು ಕಷ್ಟವಾಗಬಾರದು ಅಂತ ಲೆಕ್ಕ. ಇಷ್ಟು ಜನ ಇಷ್ಟು ಸಾವಿರ ಸಲ ‘ಇಲ್ಲ’ ಒತ್ತಿದರು.

ನನ್ನಂಥ ಸಾಫ್ಟ್‌ವೇರಿನವರಿಗೆ ಒಂದು ಕಾಯಿಲೆ ಇದೆ. ಯಾರಾದರೂ ಕಷ್ಟ ಹೇಳಿಕೊಂಡರೆ ನಮಗೆ ತಕ್ಷಣ ಪರಿಹಾರ ಹೊಳೆಯಬೇಕು. ಹೊಳೆಯದಿದ್ದರೆ ಒಂದು ಎಕ್ಸೆಲ್ ಶೀಟಾದರೂ ಮಾಡಬೇಕು. ಸುಮ್ಮನೆ ಪಕ್ಕದಲ್ಲಿ ಕೂರುವುದು ಬರುವುದಿಲ್ಲ. ಈ ಹುಡುಕಾಟದ ವಿವರ ಓದುವಾಗ ನನಗೆ ಸ್ವಲ್ಪ ಹಾಗೂ ಅನಿಸಿತ್ತು. ಇನ್ನೊಂದು ಪ್ರಶ್ನೆಯೂ ಬಂತು, ಮುಚ್ಚಿಡುವುದಿಲ್ಲ: ಒಬ್ಬ ಸಾಧಾರಣ ಬೆಸ್ತ ಕಾಣೆಯಾಗಿದ್ದರೆ ನಾಸಾ ವಿಮಾನ ಹಾರುತ್ತಿತ್ತಾ? ನಮ್ಮ ಕರಾವಳಿಯವರಿಗೆ ಈ ಪ್ರಶ್ನೆ ಬರೀ ಬಾಯಿಮಾತಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನ ಮೀನುಗಾರರ ಸಮೇತ ಸಂಪರ್ಕ ಕಳೆದುಕೊಂಡಿತು. ಜನವರಿಯಲ್ಲಿ ಮೀನುಗಾರರು ಕೆಲಸ ನಿಲ್ಲಿಸಿ ಬೀದಿಗಿಳಿದು ಹೆದ್ದಾರಿ ತಡೆದರು. ನೌಕಾಪಡೆಯ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಕಂಡದ್ದು 2019ರ ಮೇ ತಿಂಗಳಲ್ಲಿ. ನಾಲ್ಕೂವರೆ ತಿಂಗಳು ಆ ಏಳು ಮನೆಗಳಲ್ಲಿ ದಿನ ಹೇಗೆ ಕಳೆದಿರಬಹುದು. ಅಲ್ಲಿ ಉಪಗ್ರಹದ ಚೌಕ ನೋಡುವ ಹನ್ನೆರಡು ಸಾವಿರ ಜನ ಇರಲಿಲ್ಲ, ರಸ್ತೆಗಿಳಿಯುವ ಜನ ಇದ್ದರು. ತಮ್ಮಲ್ಲಿ ಏನಿದೆಯೋ ಅದನ್ನು ತಂದರು. ಕ್ಯಾಲಿಫೋರ್ನಿಯಾದವರ ಹತ್ತಿರ ಸರ್ವರಿತ್ತು, ಅದನ್ನು ತಂದರು. ಅಷ್ಟೇ ವ್ಯತ್ಯಾಸ ಅಂತ ಈಗ ಅನಿಸುತ್ತದೆ.

ಫೆಬ್ರವರಿ 16ಕ್ಕೆ ಗೆಳೆಯರೂ ಚಿತ್ರ ನೋಡುವುದನ್ನು ನಿಲ್ಲಿಸಿದರು. ಆಮೇಲೆ ಸಮುದ್ರದ ತಳವನ್ನು ಸೋನಾರ್ ಉಪಕರಣಗಳಿಂದ ಹುಡುಕಿಸಿದರು. ಅದೂ ಮೇ 31ಕ್ಕೆ ಮುಗಿಯಿತು. ಏನೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ವಿಧಾನ ಮಾತ್ರ ಉಳಿದುಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆವಾಡದಲ್ಲಿ ಸಾಹಸಿ ಸ್ಟೀವ್ ಫಾಸೆಟ್ ಪುಟ್ಟ ವಿಮಾನ ಹತ್ತಿ ಹೋದವರು ಬರದಿದ್ದಾಗ ಮತ್ತೆ ಮೆಕ್ಯಾನಿಕಲ್ ಟರ್ಕಿನಲ್ಲಿ ಸಾವಿರಾರು ಜನ ಮರುಭೂಮಿಯ ಚೌಕಗಳನ್ನು ನೋಡಿದರು. 2014ರಲ್ಲಿ ಮಲೇಷ್ಯಾದ ಎಂಎಚ್370 ವಿಮಾನಕ್ಕಾಗಿ ಲಕ್ಷಾಂತರ ಜನ. ಫಾಸೆಟ್ ವಿಷಯದಲ್ಲಿ ಕೊನೆಗೆ ಸುಳಿವು ಸಿಕ್ಕಿದ್ದು ಉಪಗ್ರಹದಿಂದಲ್ಲ. ವರ್ಷದ ಮೇಲೆ ಬೆಟ್ಟ ಹತ್ತುತ್ತಿದ್ದ ಒಬ್ಬರ ಕಣ್ಣಿಗೆ ಅವರ ಗುರುತಿನ ಚೀಟಿಗಳು ಬಿದ್ದವು.

ಹುಡುಕಾಟದ ಚರಿತ್ರೆ ಬರೆದವರು ಸಾಧಾರಣವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸಿದ್ದು ಇದರ ನಂತರದ್ದು, ಅಂದರೆ ಡೋನಾ ಅವರ ಪಾಲಿನದು.

ಟೂ ಫೇಸ್ ಕಮಿಟ್‌ನಲ್ಲಿ ಒಂದು ಕೆಟ್ಟ ಗಳಿಗೆ ಇದೆ. ಪಾದ್ರಿಯ ಉದಾಹರಣೆಯಲ್ಲೇ ಹೇಳುತ್ತೇನೆ. ಹುಡುಗಿ ಒಪ್ಪಿಗೆ ಅಂದಾಗಿದೆ. ಪಾದ್ರಿ ಕೊನೆಯ ಮಾತು ಹೇಳಬೇಕು. ಅಷ್ಟರಲ್ಲಿ ಅವರು ಮಾಯ. ಈಗ ಆಕೆ ಮದುವೆಯಾದವಳಾ, ಇಲ್ಲವಾ? ತಾನೇ ತೀರ್ಮಾನ ಮಾಡುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ. ಕಂಪ್ಯೂಟರಿನಲ್ಲಿ ಇಂಥದ್ದಕ್ಕೆ ‘ಇನ್-ಡೌಟ್’ ಟ್ರಾನ್ಸಾಕ್ಷನ್ ಅನ್ನುತ್ತಾರೆ. ನಿಯಂತ್ರಿಸುವ ಮಿಷಿನ್ನಿನಿಂದ ಕೊನೆಯ ಮಾತು ಬರುವವರೆಗೆ ಅದು ತನ್ನ ಲಾಕುಗಳನ್ನು ಹಿಡಿದುಕೊಂಡು ಕಾಯುತ್ತಲೇ ಇರಬೇಕು. ನಾನು ಆ ರಾತ್ರಿ ಹಿಂದೆ ಬಿದ್ದಿದ್ದದ್ದು ಇಂಥದ್ದೊಂದರ ಬೆನ್ನಿಗೆ. ತೀರಾ ತಡವಾದರೆ ಡಿಬಿಎ ಬಂದು ಕೈಯಾರೆ ಒಂದು ತೀರ್ಮಾನ ಕೊಡಬಹುದು. ಆದರೆ ಅದು ಊಹೆ. ನಾಳೆ ಆ ಮಿಷಿನ್ ಎದ್ದು ಬಂದು ಬೇರೆ ಮಾತು ಹೇಳಿದರೆ ಎಲ್ಲ ಎಡವಟ್ಟು. ಹೋಲಿಕೆ ಅತಿಯಾಯಿತು ಅನ್ನಬಹುದು ನೀವು. ಆದರೆ ಕಾನೂನು ಮಾಡುವುದೂ ಇದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಐದು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತರು ಅಂತ ಭಾವಿಸಬಹುದು. ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಏಳು ವರ್ಷ. ನಮ್ಮ ಹಳೇ ಧರ್ಮಶಾಸ್ತ್ರದವರು ಹೇಳುತ್ತಿದ್ದದ್ದು ಹನ್ನೆರಡು. ಆಮೇಲೆ ದರ್ಭೆ, ಮುತ್ತುಗದ ಎಲೆಗಳಿಂದ ದೇಹದ ಆಕಾರ ಮಾಡಿ ಅದಕ್ಕೆ ಸಂಸ್ಕಾರ. ಮೂರೂ ಊಹೆಗಳೇ.

ನಮ್ಮೂರಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಅಜ್ಜಿ ಇದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಯಜಮಾನರು ಜಾತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅರವತ್ತು ದಾಟಿತ್ತು, ಮರೆವು ಶುರುವಾಗಿತ್ತು. ಊರ ಗಂಡಸರೆಲ್ಲ ಮೂರು ದಿನ ಕೆರೆ, ಬಾವಿ, ಬಸ್ ಸ್ಟ್ಯಾಂಡು, ಧರ್ಮಛತ್ರ ಜಾಲಾಡಿದರು. ಪೊಲೀಸ್ ಠಾಣೆಯಲ್ಲಿ ‘ಹೆಸರೇನಮ್ಮ?’ ಅಂತ ಕೇಳಿದರೆ ಅಜ್ಜಿ ಮಗನ ಮುಖ ನೋಡಿದರಂತೆ. ಗಂಡನ ಹೆಸರನ್ನು ಅವರು ಅಲ್ಲಿವರೆಗೆ ಬಾಯಿಬಿಟ್ಟು ಹೇಳಿದವರೇ ಅಲ್ಲ. ಪೇಪರಿನಲ್ಲಿ ಫೋಟೋ ಬಂತು. ಹುಡುಕುವ ಕೆಲಸ ಇರುವವರೆಗೆ ಊರಿಗೆ ಊರೇ ಅವರ ಜಗಲಿ ಮೇಲಿತ್ತು. ಕೆಲಸ ಮುಗಿದ ಮೇಲೆ ಊರಿಗೆ ಉಳಿದದ್ದು ಒಂದೇ ಪ್ರಶ್ನೆ. ಆಕೆ ಕುಂಕುಮ ಇಡಬೇಕಾ, ಬೇಡವಾ? ಮದುವೆ ಮನೆಯಲ್ಲಿ ಅರಿಸಿನ ಕುಂಕುಮ ಕೊಡುವಾಗ ಕೊಡುವವರ ಕೈ ಒಂದು ಕ್ಷಣ ತಡೆಯುತ್ತಿತ್ತು. ಪಡಿತರ ಚೀಟಿ ಮಾಡಿಸಲು ಹೋದರೆ ಮರಣ ಪತ್ರ ತನ್ನಿ ಅನ್ನುತ್ತಿದ್ದರು. ‘ಬೇಡ ಅಂತ ಯಾರೂ ಹೇಳಲ್ಲ ಕಣೇ, ಬಾ ಅಂತಲೂ ಯಾರೂ ಕರೆಯಲ್ಲ’ ಅಂತ ಒಂದು ಸಲ ಅಮ್ಮನ ಹತ್ತಿರ ಅಂದಿದ್ದರು. ಆಮೇಲಾಮೇಲೆ ಅವರೇ ಹೋಗುವುದನ್ನು ಬಿಟ್ಟರು. ಕೆಟ್ಟ ಜನರೇನಲ್ಲ ನಮ್ಮೂರವರು. ಆ ಮೂರು ದಿನ ಅನ್ನ ನೀರು ಬಿಟ್ಟು ಹುಡುಕಿದವರು ಅವರೇ. ಅಳುವ ಮನೆಗೆ ಹೇಗೆ ಹೋಗಬೇಕು ಅಂತ ಅವರಿಗೆ ಗೊತ್ತಿತ್ತು, ನಗುವ ಮನೆಗೂ ಗೊತ್ತಿತ್ತು. ಎರಡೂ ಅಲ್ಲದ ಮನೆಗೆ ಹೋಗಿ ಏನು ಮಾತಾಡಬೇಕು ಅಂತ ಗೊತ್ತಿರಲಿಲ್ಲ.

ಇಂಥ ಮನೆಗಳ ಬಗ್ಗೆಯೇ ಜೀವಮಾನ ಕೆಲಸ ಮಾಡಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್. ಎಪ್ಪತ್ತರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಹೆಂಡತಿಯರನ್ನು ಕಂಡು ಮಾತಾಡಿಸಿದರು. ಸತ್ತ ಸುದ್ದಿ ಬಂದ ಮನೆಯವರು ಅಳುತ್ತಾರೆ, ತಿಥಿ ಮಾಡುತ್ತಾರೆ, ನಿಧಾನಕ್ಕೆ ಬದುಕಿಗೆ ಮರಳುತ್ತಾರೆ. ಈ ಹೆಂಡತಿಯರು ಅಳುವುದಕ್ಕೂ ಇಲ್ಲ, ಕಾಯದೆ ಇರುವುದಕ್ಕೂ ಇಲ್ಲ. ಬಾಸ್ ಇದಕ್ಕೆ ‘ಆಂಬಿಗ್ಯುಯಸ್ ಲಾಸ್’ ಅಂತ ಹೆಸರಿಟ್ಟರು. ಇತ್ಯರ್ಥವಾಗದ ಅಗಲಿಕೆ ಅನ್ನಬಹುದೇನೋ ಕನ್ನಡದಲ್ಲಿ. ಮರೆವಿನ ಕಾಯಿಲೆಯಲ್ಲಿ ಮನುಷ್ಯ ಎದುರಿಗೇ ಕೂತಿದ್ದು ಆಳು ಮಾತ್ರ ಇಲ್ಲದಿರುವುದನ್ನೂ ಅವರು ಇದರಲ್ಲೇ ಸೇರಿಸುತ್ತಾರೆ. (ನಮ್ಮ ಅಜ್ಜಿಗೆ ಎರಡೂ ಬಂದಿತ್ತು, ಒಂದರ ಹಿಂದೊಂದು.) ಅವರು ಹೇಳುವುದರ ತಿರುಳು ಇಷ್ಟು: ತೊಂದರೆ ಇರುವುದು ಆ ಹೆಂಗಸಿನ ಮನಸ್ಸಿನಲ್ಲಲ್ಲ, ಆಕೆ ಸಿಕ್ಕಿಹಾಕಿಕೊಂಡ ಪರಿಸ್ಥಿತಿಯಲ್ಲಿ. ಅವಳನ್ನು ‘ಒಪ್ಪಿಕೋ’ ಅಂತ ದಬ್ಬುವುದು ಸರಿಯಲ್ಲ. ಅವರು ಹೋಗಿರಬಹುದು, ಇರಲೂಬಹುದು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಸಾಧ್ಯ, ಸುತ್ತಲಿನವರೂ ಅದಕ್ಕೆ ಜಾಗ ಕೊಟ್ಟರೆ.

2008ರ ಮೇ 31, ಸೋನಾರ್ ಹುಡುಕಾಟ ನಿಂತು ಸರಿಯಾಗಿ ಒಂದು ವರ್ಷ. ಬರ್ಕ್ಲಿ ವಿಶ್ವವಿದ್ಯಾಲಯ ಮತ್ತು ಗ್ರೇ ಕುಟುಂಬದವರು ಸೇರಿ ಒಂದು ಸಭೆ ಮಾಡಿದರು. ಸಭೆಗೆ ಏನಂತ ಹೆಸರಿಡುವುದು? ಶ್ರದ್ಧಾಂಜಲಿ ಅಂದರೆ ಸತ್ತರು ಅಂತ ಎಲ್ಲರೂ ಸೇರಿ ಕಮಿಟ್ ಒತ್ತಿದಂತೆ. ಏನೂ ಮಾಡದೆ ಸುಮ್ಮನಿದ್ದರೆ ಡೋನಾ ಮತ್ತು ಮಗಳು ಒಬ್ಬಂಟಿಯಾಗಿ ಕಾಯಬೇಕು. ಅವರು ಅದನ್ನು ‘ಟ್ರಿಬ್ಯೂಟ್’ ಅಂತ ಕರೆದರು. ಗೌರವ ಸಲ್ಲಿಸುವ ಸಭೆ, ಶ್ರಾದ್ಧದ ಸಭೆಯಲ್ಲ. ಬದುಕಿರುವವರಿಗೂ ಮಾಡಬಹುದು, ಇಲ್ಲದವರಿಗೂ ಮಾಡಬಹುದು. ಕ್ಯಾಂಪಸ್ಸಿನ ದೊಡ್ಡ ರಂಗಮಂದಿರದಲ್ಲಿ ಎಲ್ಲರಿಗೂ ಒಂದು ಕಾರ್ಯಕ್ರಮ, ಆಮೇಲೆ ಇನ್ನೊಂದು ಕಟ್ಟಡದಲ್ಲಿ ಟ್ರಾನ್ಸಾಕ್ಷನ್ನು, ಆಕಾಶದ ನಕ್ಷೆ ಅಂತ ಗ್ರೇ ಕೆಲಸದ ಬಗ್ಗೆ ತಾಂತ್ರಿಕ ಭಾಷಣಗಳು. ಅವರಿಗೆ ಏನು ಇಷ್ಟವೋ ಅದನ್ನೇ ಮಾತಾಡಿದರು. ಈ ಸಭೆಗೆ ಪಾಲಿನ್ ಬಾಸ್ ಅವರನ್ನು ಕರೆಸಿದ್ದರು. ಇದು ಯಾಕೆ ಶ್ರದ್ಧಾಂಜಲಿ ಅಲ್ಲ ಅಂತ ಅವರು ಡೇಟಾಬೇಸ್ ಜನರಿಗೆ ಬಿಡಿಸಿ ಹೇಳಿದರು.

ಆ ಮಾತು ಆಮೇಲೆ ಅಚ್ಚಾಯಿತು. ಎಲ್ಲಿ ಅಂದರೆ ‘ಸಿಗ್‌ಮಾಡ್ ರೆಕಾರ್ಡ್’ನ 2008ರ ಜೂನ್ ಸಂಚಿಕೆಯಲ್ಲಿ. ಡೇಟಾಬೇಸ್ ಸಂಶೋಧಕರ ಪತ್ರಿಕೆ ಅದು. ಕ್ವೆರಿ ಆಪ್ಟಿಮೈಸೇಷನ್ನು, ಇಂಡೆಕ್ಸು ಅಂತ ಬರೆಯುವ ಜಾಗದಲ್ಲಿ, ಗಂಡ ಕಾಣೆಯಾದ ಮನೆಯವರ ಜತೆ ಹೇಗಿರಬೇಕು ಅನ್ನುವ ಲೇಖನ. ಮೈಕ್ ಓಲ್ಸನ್ ತಮ್ಮ ಹುಡುಕಾಟದ ಕಥೆ ಬರೆದದ್ದೂ ಅದೇ ಸಂಚಿಕೆಯಲ್ಲಿ. ತಮ್ಮದು ಅಮೆಚೂರುಗಳ ಹುಡುಕಾಟ ಅಂತ ತಲೆಬರಹದಲ್ಲೇ ಒಪ್ಪಿಕೊಂಡಿದ್ದಾರೆ. ನಾನು ಇವೆರಡನ್ನೂ ಒಂದೇ ಕೂತದಲ್ಲಿ ಓದಿದೆ. ಹೊಳೆದದ್ದು ಇಷ್ಟು: ಉಪಗ್ರಹ, ವಿಮಾನ, ಹನ್ನೆರಡು ಸಾವಿರ ಜೋಡಿ ಕಣ್ಣು, ಇವೆಲ್ಲ ಈ ಜನಕ್ಕೆ ಸುಲಭದ ಭಾಗವಾಗಿತ್ತು. ಜೀವಮಾನವೆಲ್ಲ ‘ಕಮಿಟ್ ಅಥವಾ ಅಬಾರ್ಟ್’ ಅಂತ ಯೋಚಿಸಿದವರಿಗೆ ಎರಡೂ ಒತ್ತದೆ ಒಬ್ಬರ ಪಕ್ಕ ನಿಲ್ಲುವುದು ಖಂಡಿತ ಕಷ್ಟವಾಗಿರಬೇಕು. ಅದನ್ನು ಹೇಗೆ ಮಾಡೋದು ಅಂತ ಗೊತ್ತಿರುವವರನ್ನು ಕರೆಸಿ ಕೇಳಿದರಲ್ಲ, ಹುಡುಕಾಟದ ಕಥೆಗಿಂತ ಅದು ನನಗೆ ದೊಡ್ಡದಾಗಿ ಕಂಡಿತು.

ಹಾಗಂತ ಕಾಯುವುದೇ ಸರಿ ಅಂತಲೂ ಅಲ್ಲ. ಸ್ಟೀವ್ ಫಾಸೆಟ್ ಅವರ ಹೆಂಡತಿ ಪೆಗಿ ಮೂರು ತಿಂಗಳಿಗೇ ಶಿಕಾಗೋದ ಕೋರ್ಟಿಗೆ ಅರ್ಜಿ ಹಾಕಿದರು. 2008ರ ಫೆಬ್ರವರಿಯಲ್ಲಿ ಕೋರ್ಟು ಫಾಸೆಟ್ ತೀರಿಕೊಂಡರು ಅಂತ ಘೋಷಿಸಿತು. ಅವಶೇಷ ಸಿಕ್ಕಿದ್ದು ಅದಾಗಿ ಏಳೂವರೆ ತಿಂಗಳ ಮೇಲೆ. ಆಕೆಗೆ ಹಾಗೆ ಅನಿಸಿತು, ಹಾಗೆ ಮಾಡಿದರು. ತಪ್ಪೇನು? ನಮ್ಮೂರಲ್ಲಿ ಅಜ್ಜಿಗೆ ಯಾರಾದರೂ ‘ನಿಮಗೆ ಹೇಗೆ ಅನಿಸುತ್ತೆ?’ ಅಂತ ಕೇಳಿದ್ದರಾ ಅಂತ ಮೊನ್ನೆ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರು ಕೇಳ್ತಾರೋ ಅಂಥದ್ದೆಲ್ಲ’ ಅಂದಳು. ಅಮ್ಮನೂ ಕೇಳಿರಲಿಲ್ಲ.

2012ರಲ್ಲಿ, ಐದು ವರ್ಷ ತುಂಬಿದ ಮೇಲೆ, ಕಾನೂನಿನ ಲೆಕ್ಕದಲ್ಲಿ ಜಿಮ್ ಗ್ರೇ ತೀರಿಕೊಂಡರು. ಅದೇ ವರ್ಷ ಕುಟುಂಬ ಚಿಕಿತ್ಸೆಯ ಒಂದು ಪತ್ರಿಕೆಯಲ್ಲಿ ಪಾಲಿನ್ ಬಾಸ್ ಅವರ ಹೊಸ ಲೇಖನ ಬಂತು. ಅಗಲಿಕೆಗೆ ಒಂದು ಮುಕ್ತಾಯ ಇರಲೇಬೇಕು, ದುಃಖ ಎಂದಾದರೂ ಒಂದು ದಿನ ಮುಗಿಯಲೇಬೇಕು ಅನ್ನುವುದು ಬರೀ ಕಟ್ಟುಕಥೆ ಅಂತ ಅದರ ವಾದ. ನಡುನಡುವೆ ಕವಿತೆಗಳಿವೆ. ಲೇಖನದ ಮೇಲೆ ಎರಡು ಹೆಸರು. ಮೊದಲನೆಯದು ಬಾಸ್. ಎರಡನೆಯದು ಡೋನಾ ಕಾರ್ನ್ಸ್. ಸಾರಾಂಶದಲ್ಲಿ ಲೇಖಕರ ಪರಿಚಯ ಒಂದೇ ಸಾಲು: ಒಬ್ಬರು ಕವಿ, ಇನ್ನೊಬ್ಬರು ಚಿಕಿತ್ಸಕಿ. ಕಾಣೆಯಾದವರ ಹೆಂಡತಿ ಅನ್ನುವ ಮಾತು ಆ ಸಾಲಿನಲ್ಲಿ ಇಲ್ಲ.